ಗೇಟಿನ ಒಳಗೆ ಬಂದ ಮೀನಿನ ಬುಟ್ಟಿ

ಇದನ್ನು ಹೇಳುವುದನ್ನು ಮುಂದೂಡುತ್ತ ಬಂದು ನಲವತ್ತು ವರ್ಷಗಳ ಮೇಲಾಯಿತು. ಮೊದಲು ಮಗಳು ಚಿಕ್ಕವಳು ಅಂದುಕೊಂಡೆ. ಆಮೇಲೆ ಕೆಲಸ ಜಾಸ್ತಿ ಅಂದುಕೊಂಡೆ. ರಿಟೈರ್ ಆದ ಮೇಲೆ ಬೇರೆ ನೆಪ ಸಿಗದೆ ಮೊಣಕಾಲು ನೋವು ಅಂದುಕೊಂಡೆ. ಮೊಣಕಾಲಿಗೂ ಬಾಯಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ನಾನು ಯಾರಿಗೂ ಏನೂ ಹೇಳಿರಲಿಲ್ಲ.

ವಿಷಯ ದೊಡ್ಡದೇನಲ್ಲ. ಒಂದು ದಿನ ಊರಿನ ಮನೆಯ ಜಗಲಿಯಲ್ಲಿ ನಿಂತು ಒಂದು ಸುಳ್ಳು ಹೇಳಿದೆ. ಯಾರ ಬಗ್ಗೆ ಹೇಳಿದೆನೋ ಅವರು ಎದುರಿಗೇ ನಿಂತಿದ್ದರು. ಅವರ ಹತ್ತಿರ ಇವತ್ತಿನವರೆಗೂ ಕ್ಷಮೆ ಕೇಳಿಲ್ಲ. ಅವರು ತೀರಿಕೊಂಡಿದ್ದರೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದಿತ್ತು. ಅವರು ಗಟ್ಟಿಮುಟ್ಟಾಗಿದ್ದಾರೆ. ಪ್ರತಿ ಭಾನುವಾರ ಫೋನ್ ಮಾಡುತ್ತಾರೆ.

ನನ್ನೂರು ಕುಂದಾಪುರದ ಆಚೆ, ಹೊಳೆಗೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಮೀನುಗಾರರ ಊರು. ನಾನು ಹುಡುಗನಾಗಿದ್ದಾಗ ಅಲ್ಲಿ ರಂಪಣಿ ಬಲೆಯ ಕಾಲ. ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರದ ಹಾಗೆ ಸಮುದ್ರಕ್ಕೆ ಇಳಿಸಿ, ಎರಡು ತುದಿಗಳನ್ನು ದಡದಿಂದ ಇಡೀ ಊರು ಸೇರಿ ಎಳೆಯುತ್ತಿತ್ತು. ಎಳೆದವರಿಗೆಲ್ಲ ಪಾಲು. ಎಳೆಯಲಾಗದ ಮುದುಕರಿಗೂ ಸುಮ್ಮನೆ ಹಗ್ಗ ಮುಟ್ಟಿದ್ದಕ್ಕೆ ಒಂದು ಸಣ್ಣ ಪಾಲು. ಹಾಗಾಗಿ ಊರಿನಲ್ಲಿ ಎಲ್ಲರೂ ಒಂದೇ ಅಳತೆಯ ಬಡವರು. ಒಬ್ಬರ ಮನೆಯಲ್ಲಿ ಗಂಜಿ ಅಂದರೆ ಎಲ್ಲರ ಮನೆಯಲ್ಲೂ ಗಂಜಿ, ಆದ್ದರಿಂದ ಅದು ಬಡತನ ಎಂದು ನಮಗೆ ಗೊತ್ತಾದದ್ದೇ ತಡವಾಗಿ.

ಗಂಡಸರು ಮೀನು ಹಿಡಿಯುತ್ತಿದ್ದರು, ಹೆಂಗಸರು ಮಾರುತ್ತಿದ್ದರು. ಇದು ನಮ್ಮವರ ಕಟ್ಟಳೆ. ಮಾರಿದವಳ ಸೊಂಟದಲ್ಲಿ ದುಡ್ಡಿನ ಚೀಲ. ಸಮುದ್ರದ ಮೇಲೆ ಸಿಂಹದ ಹಾಗಿದ್ದ ನನ್ನ ಅಪ್ಪ ಒಂದು ಕಟ್ಟು ಬೀಡಿ ಬೇಕಾದರೆ ಅಮ್ಮನ ಮುಂದೆ ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು. ಅಮ್ಮ ನೋಡಿಯೂ ನೋಡದ ಹಾಗೆ ಒಲೆ ಊದುತ್ತಿದ್ದಳು. ಸ್ವಲ್ಪ ಹೊತ್ತು ಕಾಯಿಸಿ, "ಎಂತ, ತಲೆಯಲ್ಲಿ ಹೇನಾ?" ಎಂದು ಕೇಳುತ್ತಿದ್ದಳು. ಆಮೇಲೆ ಕೊಡುತ್ತಿದ್ದಳು.

ಅಮ್ಮನ ಕಾಲು ಊದಿಕೊಂಡು ನಡೆಯಲಾಗದೆ ಹೋದಾಗ ಬುಟ್ಟಿ ಅಕ್ಕನ ತಲೆಗೆ ಬಂತು. ನನಗಿಂತ ಎಂಟು ವರ್ಷ ದೊಡ್ಡವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಟ್ಟೆ ಸುತ್ತಿದ ಸಿಂಬಿ ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ ಇಟ್ಟು, ಕೈ ಬಿಟ್ಟುಕೊಂಡೇ ಗದ್ದೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಪೂರ್ವದ ಕಡೆಯ ಹಳ್ಳಿಗಳಿಗೆ ಮೂರು ನಾಲ್ಕು ಮೈಲಿ. ವಾಪಸ್ ಬರುವಾಗ ಬುಟ್ಟಿಯಲ್ಲಿ ಭತ್ತ, ಸೌತೆಕಾಯಿ, ಒಂದಿಷ್ಟು ಮಾವಿನ ಮಿಡಿ, ಮತ್ತು ಆ ಹಳ್ಳಿಗಳ ಸುದ್ದಿ. ಯಾರ ಮನೆಯಲ್ಲಿ ಬಾಣಂತನ, ಯಾರ ಮನೆಯಲ್ಲಿ ಜಗಳ, ಯಾರ ಎಮ್ಮೆ ಕಟ್ಟು ಹರಿದುಕೊಂಡಿದೆ, ಎಲ್ಲ ಗೊತ್ತು. ಆಗ ನಮ್ಮ ಮನೆಗೆ ಪೇಪರ್ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಆ ಬುಟ್ಟಿಯಿಂದ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಅದರಿಂದ. ಲೆಕ್ಕದ ಮಾಸ್ತರರ ಮನೆಗೆ ವಾರಕ್ಕೆ ಎರಡು ದಿನ ಬಂಗುಡೆ ಮೀನು, ಇಂಗ್ಲಿಷ್ ಮಾಸ್ತರರ ಮನೆಗೆ ಅಂಜಲ್. ಬಂಗುಡೆಗಿಂತ ಅಂಜಲ್ ರುಚಿ, ಹಾಗಾಗಿ ನನ್ನ ಇಂಗ್ಲಿಷ್ ಲೆಕ್ಕಕ್ಕಿಂತ ಚೆನ್ನಾಗಿತ್ತು. ಮೂರನೆಯ ದರ್ಜೆಯಲ್ಲಿ ಪಾಸಾದ ದಿನ ಅಕ್ಕ ನನ್ನ ತಲೆಯ ಮೇಲೆ ಸಿಂಬಿ ಇಟ್ಟು, "ಇದು ನಿನ್ನ ಕಿರೀಟ ತಮ್ಮಾ" ಅಂದಳು. ಭಾವ, ಅಂದರೆ ಅವಳ ಗಂಡ, ಅವತ್ತಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. "ಹ್ವಾಯ್, ಎಸ್ಸೆಸ್ಸೆಲ್ಸಿ!" ಎಂದೇ ಕರೆಯುತ್ತಿದ್ದರು.

ಆಮೇಲೆ ಬೋಟು ಬಂತು. ಅಪ್ಪ ತೀರಿಕೊಂಡ ಮರುವರ್ಷ ಅಣ್ಣ ಊರಿಗೇ ಮೊದಲು ಒಂದು ಟ್ರಾಲ್ ಬೋಟ್ ತಂದ. ಇಂಜಿನ್ ಇದ್ದ ಬೋಟಿಗೆ ಊರಿನ ಕೈಗಳು ಬೇಡ, ಹಗ್ಗ ಮುಟ್ಟುವ ಮುದುಕರೂ ಬೇಡ. ಮೀನು ದಡಕ್ಕೂ ಬರಲಿಲ್ಲ, ಸೀದಾ ಬೋಟು ನಿಲ್ಲುವ ದಕ್ಕೆಗೆ ಹೋಗಿ ಅಲ್ಲೇ ಏಲಂ ಆಗಿ ಲಾರಿ ಹತ್ತುತ್ತಿತ್ತು. ಎರಡೇ ಮಳೆಗಾಲದೊಳಗೆ ನಾವು ರಸ್ತೆ ಬದಿಯಲ್ಲಿ ತಾರಸಿ ಮನೆ ಕಟ್ಟಿಸಿದೆವು. ಮೊಸಾಯಿಕ್ ನೆಲ, ಕಬ್ಬಿಣದ ಗೇಟು. ಗೇಟಿಗೆ ಎರಡು ಸಿಂಹ. ಅಣ್ಣ ಕೇಳಿದ್ದು ಎರಡು ಮೀನು, ವೆಲ್ಡಿಂಗಿನವನಿಗೆ ಬರುತ್ತಿದ್ದದ್ದು ಸಿಂಹ.

ನಮ್ಮ ಕಡೆ ಮನೆಯೊಂದು ಮೇಲೆ ಬಂತು ಎನ್ನುವುದಕ್ಕೆ ಗುರುತು ಗೇಟಲ್ಲ, ಬುಟ್ಟಿ. "ಅವರ ಮನೆ ಹೆಂಗಸರು ಈಗ ಬುಟ್ಟಿ ಹೊರುವುದಿಲ್ಲ" ಎಂದು ಜನ ಅಂದರೆ ಆ ಮನೆ ಗೆದ್ದ ಹಾಗೆ. ಅತ್ತಿಗೆ ಮೊದಲನೆಯ ದಿನವೇ ಬುಟ್ಟಿ ಇಳಿಸಿದಳು. ಮೈಮೇಲೆ ಬಂಗಾರ ಬಂತು, ಸೊಂಟದ ಚೀಲ ಹೋಯಿತು. ದಕ್ಕೆಯ ದುಡ್ಡು ಅಣ್ಣನ ಅಂಗಿಯ ಜೇಬಿಗೆ. ಕೊರಳು ತುಂಬ ಸರ ಹಾಕಿಕೊಂಡ ಅತ್ತಿಗೆ ಒಂದು ರವಿಕೆ ಕಣಕ್ಕೆ ಅಣ್ಣನ ಮುಂದೆ ನಿಲ್ಲಬೇಕಾಯಿತು. ತಲೆ ಕೆರೆಯುವ ಸರದಿ ಅವಳದಾಯಿತು. ಅಣ್ಣನೋ, ಅಮ್ಮನ ಹಾಗೆ ತಮಾಷೆ ಮಾಡುವವನಲ್ಲ. "ಮೊನ್ನೆ ಕೊಟ್ಟದ್ದು ಎಂತ ಆಯ್ತು?" ಎಂದು ಕೇಳುವವನು. ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ಕೋಣೆ ಆಯಿತು. ಊಟವೂ ಬೇರೆ ಬೇರೆ ಹೊತ್ತಿಗೆ ಆಯಿತು.

ಅಕ್ಕ ಮಾತ್ರ ಬುಟ್ಟಿ ಇಳಿಸಲಿಲ್ಲ. ಅವಳೂ ಭಾವನೂ ದಡದ ಹಳೆಯ ಹಂಚಿನ ಮನೆಯಲ್ಲೇ ಉಳಿದರು. ಭಾವ ನಮ್ಮ ಬೋಟಿಗೆ ಬರಲು ಒಪ್ಪಲಿಲ್ಲ, ಸಣ್ಣ ದೋಣಿಯಲ್ಲೇ ಹೋಗುತ್ತಿದ್ದರು. ಒಂದು ದಿನ ಸಿಕ್ಕರೆ ಎರಡು ದಿನ ಇಲ್ಲ. ಆದರೆ ಅಕ್ಕ ಮಾರಿ ಬರುವ ಹೊತ್ತಿಗೆ ಭಾವ ಚಾ ಕುದಿಸಿ ಇಟ್ಟಿರುತ್ತಿದ್ದರು. ಅವಳು ಜಗಲಿಯಲ್ಲಿ ಕಾಲು ಚಾಚಿ ಕುಳಿತು ಸುದ್ದಿ ಹೇಳುವಳು, ಇವರು ಬಲೆಯ ತೂತು ಹೆಣೆಯುತ್ತ ನಗುವರು. ನಾನು ತಾರಸಿ ಮನೆಯಲ್ಲಿ ಉಂಡು, ನಗುವುದಕ್ಕೆ ಹಂಚಿನ ಮನೆಗೆ ಹೋಗುತ್ತಿದ್ದೆ. ಇದು ಆಗ ನನಗೆ ಹೊಳೆಯಲಿಲ್ಲ.

ಅಣ್ಣ ಎಷ್ಟೋ ಸಲ ಹೇಳಿದ. "ಅಕ್ಕಾ, ನಮ್ಮ ಮರ್ಯಾದೆ ಪ್ರಶ್ನೆ. ಬುಟ್ಟಿ ಬಿಡು. ತಿಂಗಳಿಗೆ ಬೇಕಾದ್ದು ನಾನು ಕೊಡ್ತೆ."

"ನೀ ಕೊಡ್ತೆ, ನಾ ಕೇಳ್ಬೇಕು ಅಲ್ದಾ?" ಅಂದಳು ಅಕ್ಕ. "ಬುಟ್ಟಿ ಹಗುರ ಮಾರಾಯಾ. ಕೇಳುವುದು ಭಾರ."

ಇನ್ನು ಆ ದಿನ.

ನನಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿ ನರ್ಸ್ ಓದಿ ಕೆಲಸಕ್ಕೆ ಸೇರಿದವಳು, ಅಮೆರಿಕಕ್ಕೆ ಹೋಗುವ ಪರೀಕ್ಷೆ ಬರೆಯುವವಳಿದ್ದಳು. ಅವಳ ಅಪ್ಪ ಐಸ್ ಫ್ಯಾಕ್ಟರಿ ಇಟ್ಟವರು, ಅವರ ಅಪ್ಪ ನಮ್ಮ ಹಾಗೆಯೇ ದೋಣಿಯವರು. ಅಣ್ಣ, ಅತ್ತಿಗೆ, ನಾನು ಹೋಗಿ ಹೆಣ್ಣು ನೋಡಿ ಬಂದಾಗಿತ್ತು, ಈಗ ಅವರು ಮನೆ ನೋಡಲು ಬರುವ ದಿನ. ಅಣ್ಣ ಮೂರು ದಿನ ಮುಂಚೆಯೇ ಮನೆಯಲ್ಲಿ ಮೀನು ಮಾಡಬಾರದು ಎಂದು ಅಪ್ಪಣೆ ಮಾಡಿದ. ಊದುಬತ್ತಿ ಎಷ್ಟು ಹಚ್ಚಿದ್ದೆವು ಅಂದರೆ ಅಮ್ಮ ಸೀನಿ ಸೀನಿ ಹಿತ್ತಲಿಗೆ ಹೋಗಿ ಕುಳಿತಳು. ಅಡುಗೆಗೆ ಪೇಟೆಯಿಂದ ಭಟ್ಟರನ್ನು ಕರೆಸಿದೆವು. ಎಂಥ ತಮಾಷೆ ನೋಡಿ! ಬಂದವರೂ ಮೀನಿನವರು, ಕರೆದವರೂ ಮೀನಿನವರು, ಎಲೆಯ ಮೇಲೆ ಸೌತೆಕಾಯಿ ಹುಳಿ, ಕೋಸಂಬರಿ, ಹಯಗ್ರೀವ. ನನ್ನ ಮಾವನಾಗಲಿದ್ದವರು ಹುಳಿಯಲ್ಲಿ ಕೈಯಾಡಿಸುತ್ತ ಏನನ್ನೋ ಹುಡುಕುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಆ ಎಲೆಯ ಮೇಲೆ ಇರಲಿಲ್ಲ.

ಊಟ ಮುಗಿಸಿ ಜಗಲಿಯಲ್ಲಿ ಎಲೆಯಡಿಕೆಗೆ ಕುಳಿತಿದ್ದೆವು. ಗೇಟು ಕಿರ್ ಅಂದಿತು. ಅಕ್ಕ ಒಳಗೆ ಬಂದಳು. ತಲೆಯ ಮೇಲೆ ಬುಟ್ಟಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಒದ್ದೆ ಸೀರೆ. ಆಮೇಲೆ ನನಗೆ ಗೊತ್ತಾದದ್ದು ಏನೆಂದರೆ, ಅವಳು ಬೆಳಗ್ಗೆಯೇ ದಕ್ಕೆಗೆ ಹೋಗಿ ಕಾದು, ಕಂಚಿನ ತಟ್ಟೆಯ ಹಾಗೆ ಹೊಳೆಯುವ ಮಾಂಜಿ ಮೀನು ಆರಿಸಿ ತಂದಿದ್ದಳು. ಮಾರಲು ಅಲ್ಲ. ಬೀಗರಿಗೆ ಕೊಟ್ಟು ಕಳಿಸಲು. ಮೀನು ಕೊಡದೆ ನೆಂಟರನ್ನು ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಆ ಪದ್ಧತಿ ಆ ಮನೆಯಲ್ಲಿ ನೆನಪಿದ್ದದ್ದು ಅವಳೊಬ್ಬಳಿಗೆ.

"ಇವರು ಯಾರು?" ಎಂದು ಕೇಳಿದರು ಮಾವ.

ಅಣ್ಣ ಬಾಯಿ ತೆರೆದ. ಅವನು ಏನು ಹೇಳುತ್ತಿದ್ದನೋ ನನಗೆ ಗೊತ್ತಿಲ್ಲ. ನಾನು ಅವನಿಗಿಂತ ಮೊದಲು ಹೇಳಿದೆ.

"ಮೀನಿನವಳು. ದಿನಾ ಬರ್ತಾಳೆ."

ಅಕ್ಕ ನಿಂತಳು. ಬುಟ್ಟಿ ಅಲುಗಾಡಲಿಲ್ಲ. ನನ್ನನ್ನು ನೋಡಿದಳು. ಲೆಕ್ಕದ ಪರೀಕ್ಷೆಯ ದಿನ ಬೆಳಗ್ಗೆ ನನ್ನ ಮುಖ ನೋಡಿ, "ಹೆದರ್ಬೇಡ, ಪಾಸಾಗ್ತೆ" ಎಂದು ಹೇಳುವಾಗ ಹೇಗೆ ನೋಡಿದ್ದಳೋ ಹಾಗೆಯೇ. ನಾನು ಹೆದರಿದ್ದೇನೆಂದು ಅವಳಿಗೆ ತಿಳಿದುಹೋಯಿತು. ಮರುಕ್ಷಣ ಬುಟ್ಟಿ ಇಳಿಸಿ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕುಳಿತಳು.

"ಮೀನ್ ಬೇಕಾ ಒಡೇರೆ? ಮಾಂಜಿ ಉಂಟು. ಈಗಷ್ಟೇ ಬಂದದ್ದು."

ಮಾವನ ಮುಖ ಅರಳಿದ್ದು ನೋಡಬೇಕಿತ್ತು. ಎದ್ದು ಹೋಗಿ ಅವಳ ಎದುರಿಗೇ ಕುಳಿತರು. ಕಿವಿರು ಎತ್ತಿ ನೋಡಿದರು, ಬೆರಳಲ್ಲಿ ಒತ್ತಿ ನೋಡಿದರು.

"ಎಷ್ಟಕ್ಕೆ ಕೊಡ್ತೆ?"

ಅಕ್ಕ ಒಂದು ಬೆಲೆ ಹೇಳಿದಳು.

"ಅಷ್ಟಾ? ಇದಕ್ಕೆ ಎಂತ ಬಂಗಾರದ ಮುಳ್ಳಾ?"

"ಐಸ್ ಮಾರುವವರು ನೀವು ಒಡೇರೆ, ಮೀನಿನ ಬೆಲೆ ನಿಮಗೆ ನಾನು ಹೇಳಿಕೊಡಬೇಕಾ? ಐಸ್ ಮುಟ್ಟದ ಮೀನು ಇದು. ಅದಕ್ಕೇ ನಿಮಗೆ ಗುರುತು ಸಿಗ್ಲಿಲ್ಲ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗರೆಲ್ಲ ನಕ್ಕರು. ನಾನೂ ನಕ್ಕೆ. ಅದನ್ನೂ ಬರೆದುಬಿಡುತ್ತೇನೆ, ನಾನೂ ನಕ್ಕೆ. ಇಬ್ಬರೂ ಒಂದಷ್ಟು ಹೊತ್ತು ಎಳೆದಾಡಿ ಕೊನೆಗೆ ಒಂದು ಬೆಲೆಗೆ ಬಂದರು. ಅಕ್ಕ ಮೀನನ್ನು ಬಾಳೆಲೆಯಲ್ಲಿ ಕಟ್ಟಿ ಕೊಟ್ಟು, ಉಡುಗೊರೆಯಾಗಿ ತಂದದ್ದಕ್ಕೆ ದುಡ್ಡು ತೆಗೆದುಕೊಂಡು, ಸೊಂಟದ ಚೀಲಕ್ಕೆ ಹಾಕಿ ಖಾಲಿ ಬುಟ್ಟಿ ಎತ್ತಿಕೊಂಡಳು. ಹೋಗುವಾಗ ಗೇಟನ್ನು ಸದ್ದಾಗದ ಹಾಗೆ ಮುಚ್ಚಿದಳು.

ಮದುವೆಯಲ್ಲಿ ಕಳಸ ಹಿಡಿಯಬೇಕಾದವಳು ಗಂಡಿನ ಅಕ್ಕ. ಹೇಳಿದ ಸುಳ್ಳಿಗೆ ಆ ಕಳಸವೂ ಹೋಯಿತು. ಮಗನಿಗೆ ಜ್ವರ, ಬರಲಾಗುವುದಿಲ್ಲ ಎಂದು ಅಕ್ಕನೇ ಹೇಳಿ ಕಳಿಸಿದಳು. ಅವಳ ಮಗ ಮದುವೆ ಚಪ್ಪರದಲ್ಲಿ ನಾಲ್ಕು ಲಾಡು ತಿಂದು ಓಡಾಡುತ್ತಿದ್ದ. ಅತ್ತಿಗೆಯ ತಂಗಿ ಕಳಸ ಹಿಡಿದಳು.

ಊರಿನಲ್ಲಿ ಸುಳ್ಳು ಬಹಳ ದಿನ ಬಾಳುವುದಿಲ್ಲ. ಮದುವೆಯಾದ ವಾರದೊಳಗೆ ನನ್ನ ಹೆಂಡತಿಗೆ ಯಾರೋ ಬಾವಿಕಟ್ಟೆಯಲ್ಲಿ ಹೇಳಿದರು. ಅವಳು ಕೊಡ ಅಲ್ಲೇ ಇಟ್ಟು ಸೀದಾ ಹಂಚಿನ ಮನೆಗೆ ಹೋಗಿ ಅಕ್ಕನ ಕಾಲು ಮುಟ್ಟಿ, ಅಲ್ಲೇ ಊಟ ಮಾಡಿ ಬಂದಳು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮಾವನಿಗೆ ತಿಳಿದಾಗ ಅವರು ಬಾಡಿಗೆ ಕಾರು ಮಾಡಿಕೊಂಡು ಬಂದು ಅಕ್ಕನ ಜಗಲಿಯಲ್ಲಿ ಕೈಮುಗಿದು ಕುಳಿತರು. "ನಾನು ಚೌಕಾಸಿ ಮಾಡಿದ್ದು ತಪ್ಪಾಯ್ತಮ್ಮ" ಅಂದರಂತೆ. ಅಕ್ಕ, "ಚೌಕಾಸಿ ಮಾಡದವನಿಗೆ ನಾನು ಮೀನೇ ಮಾರುವುದಿಲ್ಲ" ಅಂದಳಂತೆ. ಅಣ್ಣ ಕೂಡ ಏನೋ ನೆಪ ಮಾಡಿಕೊಂಡು ಹೋಗಿ ಬಂದ. ಹೀಗೆ ಎಲ್ಲರೂ ಕ್ಷಮೆ ಕೇಳಿ ಮುಗಿಸಿದರು. ಸುಳ್ಳು ಹೇಳಿದವನೊಬ್ಬ ಉಳಿದ.

"ಹೋಗಿ ಒಂದು ಮಾತು ಹೇಳಿ ಬನ್ನಿ" ಎಂದು ಹೆಂಡತಿ ಹೇಳುತ್ತಲೇ ಇದ್ದಳು. ನಾಳೆ ಅಂದೆ. ಎರಡು ವರ್ಷಕ್ಕೆ ಅವಳಿಗೆ ಡೆಟ್ರಾಯ್ಟಿನ ಕಡೆ ಕೆಲಸ ಸಿಕ್ಕಿತು, ಹಿಂದೆಯೇ ನಾನೂ ಬಂದೆ. ಮುಂದಿನ ಸಲ ಊರಿಗೆ ಹೋದಾಗ ಅಂದೆ.

ಡೆಟ್ರಾಯ್ಟಿನಲ್ಲಿ ನನ್ನ ಎಸ್ಸೆಸ್ಸೆಲ್ಸಿಯನ್ನು ಯಾರೂ ಕೇಳಲಿಲ್ಲ. ಮೂರು ತಿಂಗಳು ಕೆಲಸ ಹುಡುಕಿದೆ. ಕೊನೆಗೆ ಮಾರುಕಟ್ಟೆಯ ಒಂದು ಅಂಗಡಿಯ ಮಾಲೀಕ ನನ್ನ ಕೈಗೆ ಚೂರಿ ಕೊಟ್ಟು ಒಂದು ಮೀನು ಮುಂದಿಟ್ಟ. ಮುಳ್ಳು ಬಿಡಿಸಿ ಕೊಟ್ಟೆ. "ನಾಳೆ ಬಾ" ಅಂದ. ಹೀಗೆ ಸಮುದ್ರವೇ ಇಲ್ಲದ ಊರಿನಲ್ಲಿ, ರಬ್ಬರ್ ಏಪ್ರನ್ ಕಟ್ಟಿಕೊಂಡು, ಸರೋವರದ ಮೀನು ಮಾರುವ ಕೆಲಸಕ್ಕೆ ನಿಂತೆ. ಗಿರಾಕಿಗಳು ಕಿವಿರು ಎತ್ತಿ ನೋಡುತ್ತಿದ್ದರು, ಬೆರಳಲ್ಲಿ ಒತ್ತುತ್ತಿದ್ದರು, ಬೆಲೆ ಇಳಿಸು ಅನ್ನುತ್ತಿದ್ದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಮನೆಯಲ್ಲಿ ಹೆಂಡತಿಯ ಸಂಬಳ ದೊಡ್ಡದು, ಬ್ಯಾಂಕಿನ ಕೆಲಸವೆಲ್ಲ ಅವಳದು. ಸಿಗರೇಟಿಗೆ ಅವಳ ಮುಂದೆ ತಲೆ ಕೆರೆದುಕೊಂಡು ನಿಲ್ಲುತ್ತಿದ್ದೆ. ಸಿಗರೇಟು ಬಿಟ್ಟದ್ದು ಆರೋಗ್ಯಕ್ಕಾಗಿ ಅಲ್ಲ.

ಕನ್ನಡ ಕೂಟದ ಊಟಗಳಿಗೆ ಹೋದರೆ ಎಲ್ಲ ಇಂಜಿನಿಯರ್‌ಗಳು, ಡಾಕ್ಟರ್‌ಗಳು. "ತಾವು ಏನ್ ಮಾಡ್ಕೊಂಡಿದೀರಿ?" ಎಂದು ಕೇಳಿದರೆ "ಫುಡ್ ಇಂಡಸ್ಟ್ರಿ" ಅನ್ನುತ್ತಿದ್ದೆ. ಮುಂದೆ ಷಿಕಾಗೋ ಕಡೆ ಬಂದು ಎಲ್ಕ್ ಗ್ರೋವ್ ವಿಲೇಜಿನ ಒಂದು ಶೀತಲ ಗೋದಾಮಿನಲ್ಲಿ ಮೀನಿನ ಡಬ್ಬಿಗಳನ್ನು ಎತ್ತಿಡುವ ಕೆಲಸಕ್ಕೆ ಸೇರಿದ ಮೇಲೆ "ಕೋಲ್ಡ್ ಚೈನ್ ಲಾಜಿಸ್ಟಿಕ್ಸ್" ಅಂದೆ. ವಯಸ್ಸಾದಂತೆ ಸುಳ್ಳಿಗೆ ಇಂಗ್ಲಿಷ್ ಜಾಸ್ತಿಯಾಯಿತು. ಅಂಜಲ್ ಮೀನು ಎಲ್ಲಿಯವರೆಗೆ ಕೆಲಸ ಮಾಡಿತು ನೋಡಿ.

ಊರಿಗೆ ಹೋದಾಗಲೆಲ್ಲ ಕ್ಷಮೆಯ ಬದಲು ಸಾಮಾನು ಒಯ್ದೆ. ಟಾರ್ಚ್, ಚಾಕ್ಲೇಟ್, ನೋವಿನ ಮುಲಾಮು. ಒಂದು ಸಲ ಕೂತಲ್ಲೇ ಬೆವರು ಸುರಿಯುವ ಸೆಕೆಯ ಊರಿಗೆ ಉಣ್ಣೆಯ ಸ್ವೆಟರ್ ಒಯ್ದೆ. ಅಕ್ಕ ಅದನ್ನು ಐಸ್ ಪೆಟ್ಟಿಗೆಗೆ ಹೊದಿಸಿದಳು. "ಐಸ್ ಎರಡು ದಿನ ಕರಗುವುದಿಲ್ಲ ಮಾರಾಯಾ, ಭಾರೀ ಒಳ್ಳೇ ಸ್ವೆಟರ್" ಅಂದಳು. ನಾನು ಬಂದ ಸುದ್ದಿ ಗೊತ್ತಾದೊಡನೆ ಅಣ್ಣನ ಗೇಟಿನ ಹೊರಗೆ ನಿಂತು, "ಮೀನ್ ಬೇಕಾ ಒಡೇರೆ?" ಎಂದು ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅದು ತಮಾಷೆಯೇ. ಅವಳು ಮುಯ್ಯಿ ತೀರಿಸುವವಳಲ್ಲ. ಆದರೆ ಒಳಗೆ ಬಾ ಎಂದು ನಾನು ಹೇಳುವವರೆಗೆ ಒಮ್ಮೆಯೂ ಗೇಟು ದಾಟಲಿಲ್ಲ.

ಅಣ್ಣನ ಬೋಟುಗಳು ಒಂದೊಂದಾಗಿ ಹೋದವು. ಮಕ್ಕಳು ಪಾಲಿಗೆ ಜಗಳ ಆಡಿ, ತಾರಸಿ ಮನೆಯ ನಡುವೆ ಗೋಡೆ ಎದ್ದಿತು. ಸಿಂಹಗಳಲ್ಲಿ ಒಂದು ಆ ಕಡೆ, ಒಂದು ಈ ಕಡೆ. ಅಣ್ಣ ಕೊನೆಯ ವರ್ಷಗಳಲ್ಲಿ ಊಟ ಮಾಡಿದ್ದು ಅಕ್ಕನ ಮನೆಯಲ್ಲಿ. ಅವನೂ ಹೋದ, ಭಾವನೂ ಹೋದರು, ಇಲ್ಲಿ ನನ್ನ ಹೆಂಡತಿಯೂ ಹೋದಳು. "ಆ ಒಂದು ಮಾತು ಬಾಕಿ ಉಂಟು" ಎಂದು ಆಸ್ಪತ್ರೆಯಲ್ಲೂ ನೆನಪಿಸಿದಳು. ಆಯ್ತು ಅಂದೆ.

ಈಗ ನಾನಿರುವುದು ಷಿಕಾಗೋ ಹೊರವಲಯದ ಪ್ಲೇನ್‌ಫೀಲ್ಡಿನಲ್ಲಿ, ಮಗಳ ಮನೆಯಲ್ಲಿ. ಅಳಿಯ ಹತ್ತಿರದ ಊರಾದ ಲೈಲ್‌ಗೆ ಡ್ರೈವ್ ಮಾಡಿಕೊಂಡು ಆಫೀಸಿಗೆ ಹೋಗುತ್ತಾನೆ. ಸಬ್‌ಡಿವಿಷನ್ನಿನ, ಅಂದರೆ ನಮ್ಮ ಬಡಾವಣೆಯ, ಎಲ್ಲ ಮನೆಗಳೂ ಒಂದೇ ಥರ, ಮೊದಲ ವರ್ಷ ಎರಡು ಸಲ ಪಕ್ಕದ ಮನೆಗೆ ನುಗ್ಗಿದ್ದೇನೆ. ನನಗೆ ಮೀನು ಹುರಿಯಲು ಗ್ಯಾರೇಜಿನಲ್ಲಿ ಒಂದು ಕರೆಂಟ್ ಒಲೆ ಇಟ್ಟುಕೊಟ್ಟಿದ್ದಾಳೆ ಮಗಳು. ನೀರು ಗಡ್ಡೆ ಕಟ್ಟುವ ಚಳಿಗಾಲದಲ್ಲಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಕೋಟು ಟೋಪಿ ಹಾಕಿಕೊಂಡು, ಗ್ಯಾರೇಜ್ ಬಾಗಿಲನ್ನು ಒಂದಡಿ ಎತ್ತಿ, ಬಂಗುಡೆ ಹುರಿಯುತ್ತೇನೆ. ರಸ್ತೆಯಲ್ಲಿ ನಾಯಿ ಹಿಡಿದು ಹೋಗುವವರು ಹಲೋ ಅನ್ನುತ್ತಾರೆ. ನಾಯಿಗಳು ಮುಂದೆ ಹೋಗಲು ಒಪ್ಪುವುದಿಲ್ಲ.

ಮೊಮ್ಮಗಳಿಗೆ ಈಚೆಗೆ ಮದುವೆ ಗೊತ್ತಾಯಿತು. ಹುಡುಗ ಅವಳ ಜೊತೆ ಓದಿದವನೇ. ಅವನ ತಂದೆ ತಾಯಿ ಡೆಟ್ರಾಯ್ಟಿನ ಹತ್ತಿರ ಇರುವವರು, ಮೂಲ ಧಾರವಾಡ ಕಡೆ. ತಂದೆ ಡಾಕ್ಟರ್. ಮೊಟ್ಟೆಯನ್ನೂ ಮುಟ್ಟದ ಮನೆ. ಹಿಂದಿನ ದಿನವೇ ಬಂದು ಹೋಟೆಲಿನಲ್ಲಿ ಉಳಿದು, ಒಂದು ಭಾನುವಾರ ಬೆಳಗ್ಗೆ ನಮ್ಮಲ್ಲಿಗೆ ತಿಂಡಿಗೆ ಬರುವವರಿದ್ದರು.

"ಅಪ್ಪಾ, ಈ ವಾರ ಮೀನು ಬೇಡ. ಗ್ಯಾರೇಜಲ್ಲೂ ಬೇಡ, ಪ್ಲೀಸ್" ಅಂದಳು ಮಗಳು. ಮನೆ ತುಂಬ ಪರಿಮಳದ ಮೇಣದಬತ್ತಿ ಹಚ್ಚಿಟ್ಟಳು. ನಾನು ಅಮ್ಮನ ಹಾಗೆ ಸೀನುತ್ತ ಕುಳಿತೆ.

ಬಂದರು, ಕುಳಿತರು. ಒಳ್ಳೆಯ ಜನ. ಇಡ್ಲಿಯ ನಡುವೆ ಡಾಕ್ಟರರು ಕೇಳಿದರು, "ಅಂಕಲ್, ಊರಾಗ ನಿಮ್ಮ ಮನಿತನದವರು ಏನ್ ಮಾಡ್ಕೊಂಡಿದ್ರಿ?"

ಎಪ್ಪತ್ತು ದಾಟಿದ ಮುದುಕ ನಾನು, ಯಾರಿಗೂ ಹೆದರಬೇಕಾದ್ದಿಲ್ಲ. ಆದರೂ ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಮರೀನ್ ಬಿಸಿನೆಸ್."

"ಅಂದ್ರ ನೇವಿ ಏನ್ರಿ?"

ಮೊಮ್ಮಗಳು ಚಟ್ನಿ ಬಡಿಸುತ್ತಿದ್ದವಳು ಗೊಳ್ಳೆಂದು ನಕ್ಕಳು. "ಅಜ್ಜಾ! ಯು ಸೋಲ್ಡ್ ಫಿಶ್!" ಎಂದಳು. ಆಮೇಲೆ ಅವರ ಕಡೆ ತಿರುಗಿ, ಅಜ್ಜ ಡೆಟ್ರಾಯ್ಟಿನಲ್ಲಿ ಮೀನು ಮಾರಿದ್ದು, ಎಲ್ಕ್ ಗ್ರೋವಿನಲ್ಲಿ ಡಬ್ಬಿ ಎತ್ತಿದ್ದು, ಕಣ್ಣು ಮುಚ್ಚಿಕೊಂಡೂ ಮೀನಿನ ಮುಳ್ಳು ಬಿಡಿಸಬಲ್ಲದ್ದು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮಜ್ಜ ಬೆಟ್ಟ ಹತ್ತಿದವನು ಎಂದು ಹೇಳುವ ಹಾಗೆ ಹೇಳಿದಳು.

ಡಾಕ್ಟರರು ತಟ್ಟೆ ಕೆಳಗಿಟ್ಟರು. ಮಗಳ ಮುಖ ಬಿಳಿಚಿತು.

"ಅಯ್ಯ, ಇದಕ್ಯಾಕ್ರಿ ಇಷ್ಟು ಗುಟ್ಟು?" ಅಂದರು ಡಾಕ್ಟರರು. "ನಮ್ಮಪ್ಪ ಸಂತ್ಯಾಗ ಉಳ್ಳಾಗಡ್ಡಿ ಮಾರತಿದ್ದ. ಸಾಲಿಗೆ ಹೋದ್ರ ಎಲ್ಲಾರೂ ಮೂಗು ಮುಚ್ಕೊತಿದ್ರು ನನ್ನ ನೋಡಿ. ನಾವಿಬ್ರೂ ಒಂದ ವಾಸನಿ ಮಂದಿ ಬಿಡ್ರಿ!"

ಎಲ್ಲರೂ ನಗುತ್ತಿರುವಾಗಲೇ ಐಪ್ಯಾಡ್ ಗಂಟೆ ಹೊಡೆಯಿತು. ಭಾನುವಾರ ಬೆಳಗಿನ ಒಂಬತ್ತು, ಊರಿನಲ್ಲಿ ಸಂಜೆ ಏಳೂವರೆ. ಅಕ್ಕನ ಹೊತ್ತು. ಮೊಮ್ಮಗಳು ಓಡಿಹೋಗಿ ಎತ್ತಿ, ಪರದೆಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ನಿಲ್ಲಿಸಿದಳು. ಹಂಚಿನ ಮನೆಯ ಜಗಲಿ, ಟ್ಯೂಬ್‌ಲೈಟ್, ಬೊಚ್ಚು ಬಾಯಿ, ಕಿವಿಯ ತೂಗಾಡುವ ಓಲೆ.

"ಇವರ್ಯಾರ್ರಿ?" ಅಂದರು ಡಾಕ್ಟರರ ಹೆಂಡತಿ.

ಅದೇ ಪ್ರಶ್ನೆ. ಅಕ್ಕನಿಗೂ ಕೇಳಿಸಿತು. ಪರದೆಯಲ್ಲಿ ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಹೊಸ ಜನ, ರೇಷ್ಮೆ ಸೀರೆ, ಬೀಗರು ಎಂದು ತಿಳಿಯಿತು. ಆಮೇಲೆ ನನ್ನ ಮುಖ ನೋಡಿದಳು, ಲೆಕ್ಕದ ಪರೀಕ್ಷೆಯ ದಿನ ನೋಡಿದ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ದಡ ಸೇರಿಸಲು ಹೊರಟಳು.

"ನಾನಾ? ನಾನು ಮೀನಿನವಳು ಅಮ್ಮಾ. ಇವರ ಮನೆಗೆ ದಿನಾ..."

"ಅಕ್ಕ!" ಎಂದೆ ನಾನು. ಎಷ್ಟು ಗಟ್ಟಿಯಾಗಿ ಎಂದರೆ ಅಳಿಯನ ಕೈಯ ಕಾಫಿ ಚೆಲ್ಲಿತು. "ಇವಳು ನನ್ನ ಅಕ್ಕ. ನನ್ನ ಸ್ವಂತ ಅಕ್ಕ. ಮೀನು ಮಾರಿ ನನ್ನನ್ನು ಓದಿಸಿದವಳು."

ಅಕ್ಕ ಕಿವಿಗೆ ಕೈ ಇಟ್ಟಳು.

"ಸಿಗ್ನಲ್ ಸರಿ ಇಲ್ಲೆ ತಮ್ಮಾ. ಎಂತ ಹೇಳಿದ್ದು? ಇನ್ನೊಂದು ಸಲ ಹೇಳು."

"ನನ್ನ ಅಕ್ಕ ಅಂದೆ."

"ಹ್ಞಾಂ? ಕೇಳುವುದಿಲ್ಲ ಮಾರಾಯಾ."

"ನನ್ನ ಅಕ್ಕ!"

"ಈಗ ಕೇಳಿಸ್ತು" ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಸಿಗ್ನಲ್ ಮೊದಲಿನಿಂದಲೂ ಚೆನ್ನಾಗಿತ್ತು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. "ಬೀಗರಿಗೆ ಎಂತ ಮಾಡಿದ್ರಿ?"

"ಇಡ್ಲಿ."

"ಈ ಸಲವೂ ಸೊಪ್ಪು ಸದೆಯಾ! ನಿನಗೆ ಬುದ್ಧಿ ಬರ್ಲಿಲ್ಲ ಅಲ್ದಾ" ಅಂದಳು. ಅವರು ಮೀನು ತಿನ್ನುವವರಲ್ಲ ಎಂದು ವಿವರಿಸಲು ಹೋದೆ. ಅಷ್ಟರಲ್ಲಿ ಡಾಕ್ಟರರ ಹೆಂಡತಿ ತಮ್ಮ ಮಾವನ ಉಳ್ಳಾಗಡ್ಡಿ ವ್ಯಾಪಾರದ ಮಾತೆತ್ತಿದ್ದರು, ಅಕ್ಕ ಅವರ ಹತ್ತಿರ ಈರುಳ್ಳಿಯ ಬೆಲೆ ವಿಚಾರಿಸುತ್ತಿದ್ದಳು.

ಮೊಮ್ಮಗಳ ಮದುವೆಯಲ್ಲಿ ಕಳಸದ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಐಪ್ಯಾಡ್ ಇಡುತ್ತಾರಂತೆ. ಇಷ್ಟು ದೂರದ ಪ್ರಯಾಣ ಅವಳಿಂದ ಆಗದು. ಹಾಗಾಗಿ ಮದುವೆಯ ಮೊದಲು ನಾನೇ ಹೋಗುತ್ತೇನೆ, ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿದ್ದೇನೆ, ಸ್ವೆಟರ್ ಒಯ್ಯುವುದಿಲ್ಲ.

ಅವತ್ತು ಮೇಜಿನ ಮುಂದೆ ಹೇಳಿದ್ದು ಕ್ಷಮೆಯಲ್ಲ ಎಂದು ನನಗೆ ಗೊತ್ತಿದೆ. ಹೇಳಿದ್ದ ಸುಳ್ಳನ್ನು ವಾಪಸ್ ತೆಗೆದುಕೊಂಡೆ, ಅಷ್ಟೆ. ಕೇಳಬೇಕಾದ ಮಾತು ಇನ್ನೂ ಬಾಕಿ ಇದೆ. ಎದುರು ನಿಂತಾಗ ನನ್ನ ಬಾಯಿ ಮತ್ತೆ ಏನು ಮಾಡುತ್ತದೋ ನಂಬಿಕೆ ಇಲ್ಲ, ಅದಕ್ಕೇ ಇದನ್ನು ಬರೆದು ಜೊತೆಯಲ್ಲಿ ಒಯ್ಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಓದು ಅವಳದು, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾಳೆ, ಬೀದಿಯವರೆಗೂ ಕೇಳಿಸುತ್ತದೆ. ಕೇಳಿಸಲಿ. ದಾರಿಯಲ್ಲಿ ಹೋಗುವವರು ಯಾರಾದರೂ ನಿಂತು, ಇವನು ತಪ್ಪು ಮಾಡಿದ್ದು ಯಾರಿಗೆ, ಕ್ಷಮೆ ಕೇಳದೆ ಉಳಿದದ್ದು ಯಾರ ಹತ್ತಿರ ಎಂದು ಕೇಳಿದರೆ ಅವಳೇ ಉತ್ತರ ಹೇಳಬೇಕಾಗಿ ಬರಬಾರದು. ಅದನ್ನು ನಾನೇ ಬರೆದಿಟ್ಟಿದ್ದೇನೆ: ನನ್ನ ಅಕ್ಕನ ಹತ್ತಿರ.